ಹವಳ ಮೇಯುವ ಹುಳು, ಹುಳು ಮೇಯುವ ಮೀನು

ಹವಳವನ್ನು ತಿಂದು ಬದುಕುವುದು ಸುಲಭದ ಮಾತಲ್ಲ. ಕಲ್ಲಿನ ಹಾಗೆ ಕಾಣುವ ಅದರ ಮೈಯಲ್ಲಿ ಹೊಟ್ಟೆಗೆ ಆಗುವುದು ಮೇಲಿನ ತೆಳು ಪೊರೆಯಷ್ಟೇ, ಕೆಳಗಿರುವುದೆಲ್ಲ ಸುಣ್ಣ. ಆ ಪೊರೆಯೆಂದರೆ ಸಾವಿರಾರು ಪುಟ್ಟ ಪ್ರಾಣಿಗಳು ಒತ್ತೊತ್ತಾಗಿ ಸೇರಿ ಬಾಳುವ ಜಾಗ. ಒಂದೊಂದಕ್ಕೂ ಬಾಯಿಯ ಸುತ್ತ ಎಳೆಯಂಥ ಕೈಗಳು, ಕೈ ತುಂಬ ಚುಚ್ಚುಕೋಶಗಳು. ಕೋಶದೊಳಗೆ ಸುರುಳಿ ಸುತ್ತಿ ಕೂತ ವಿಷದ ಕೊಳವೆ ಏನಾದರೂ ತಾಗಿದ ಕ್ಷಣವೇ ಸಿಡಿದು ಹೊರಗೆ ಬರುತ್ತದೆ. ಇಷ್ಟು ಕಾವಲನ್ನು ದಾಟಿ ಹವಳವನ್ನೇ ಅನ್ನ ಮಾಡಿಕೊಂಡ ಪ್ರಾಣಿಗಳು ಸಮುದ್ರದಲ್ಲಿ ಹೆಚ್ಚಿಲ್ಲ. ಚಿಟ್ಟೆಮೀನು, ಗಿಳಿಮೀನು, ಮೈತುಂಬ ಮುಳ್ಳಿರುವ ಒಂದು ಜಾತಿಯ ನಕ್ಷತ್ರಮೀನು, ಕೆಲವು ಶಂಖದ ಹುಳುಗಳು. ಇವುಗಳ ಸಾಲಿನಲ್ಲಿ ಬೆರಳಿನ ಒಂದೆರಡು ಗೆಣ್ಣಿನಷ್ಟು ಉದ್ದದ, ಚಿಪ್ಪೂ ಇಲ್ಲದ ಮೆತ್ತನೆಯ ಹುಳುವೊಂದಿದೆ. ಅದರ ಹೆಸರು ಫೆಸ್ಟಿಲ್ಲಾ.

ಈ ಹುಳುವಿನ ಕಥೆಯನ್ನು ಕುಡಚಿ, ರಾಯಬಾಗ, ಅಥಣಿ ಕಡೆಯ ಓದುಗರಿಗೆ ಹೇಳಲು ಹೊರಟದ್ದಕ್ಕೆ ಕಾರಣವಿದೆ. ಇಲ್ಲಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ ಮಾಲ್ವಣದ ಕಡಲು ಸುಮಾರು 160 ಕಿಲೋಮೀಟರ್. ಆದರೂ ಸಮುದ್ರ ನಮ್ಮ ಮಾತಿನಲ್ಲಿ ಬರುವುದೇ ಅಪರೂಪ. ಅರಬ್ಬೀ ಸಮುದ್ರಕ್ಕೆ ಬರೀ 64 ಕಿಲೋಮೀಟರ್ ದೂರದ ಮಹಾಬಳೇಶ್ವರದಲ್ಲಿ ಹುಟ್ಟುವ ನಮ್ಮ ಕೃಷ್ಣೆಯೂ ಆ ಕಡೆ ಬೆನ್ನು ತಿರುಗಿಸಿ, 1,400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಆದರೆ ಹವಳ ಮೇಯುವ ಹುಳುವಿನ ಬಗ್ಗೆ ವಿಜ್ಞಾನಿಗಳು ಕಂಡುಕೊಂಡದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಈ ಭಾಗದ ಕಬ್ಬಿನ ರೈತರಿಗೆ ಹೊಸದಲ್ಲ. ಅವರು ಅದನ್ನು ತಮ್ಮ ಹೊಲದಲ್ಲೇ, ಸಾಲ ಮಾಡಿ ಬೆಳೆದ ಬೆಳೆಯ ಮೇಲೆಯೇ ಕಂಡವರು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಹುಳುವಿನ ಕುಲಗೋತ್ರ. ಬೇಸಿಗೆಯಲ್ಲಿ ಕುಡಚಿ ಮತ್ತು ಉಗಾರದ ನಡುವಿನ ರೈಲು ಸೇತುವೆಯ ಕೆಳಗೆ ಕೃಷ್ಣೆ ಬತ್ತಿ ಕಲ್ಲುಗಳು ಹೊರಬಿದ್ದಾಗ ಒಂದು ಕಲ್ಲನ್ನು ಮಗುಚಿ ನೋಡಿ. ತೇವ ಉಳಿದ ಕೆಳಮೈಗೆ ಹಸಿರು ಮಿಶ್ರಿತ ಕಂದು ಬಣ್ಣದ, ಗೋಲಿಗಿಂತ ತುಸು ದೊಡ್ಡ ಬಸವನಹುಳುಗಳು ಅಂಟಿಕೊಂಡಿರುತ್ತವೆ. ಮುಟ್ಟಿದರೆ ಮೈ ಒಳಗೆಳೆದುಕೊಂಡು, ಕಾಲಿಗೆ ಹತ್ತಿದ ಮುಚ್ಚಳದಿಂದ ಬಾಗಿಲು ಹಾಕಿಕೊಳ್ಳುತ್ತವೆ. ಪಕ್ಕದ ಕೆಸರಿನಲ್ಲಿ ಕಪ್ಪೆಚಿಪ್ಪುಗಳಿರುತ್ತವೆ. ಫೆಸ್ಟಿಲ್ಲಾ ಇವುಗಳದೇ ಬಳಗ, ಮೃದ್ವಂಗಿ. ಮೊಟ್ಟೆಯೊಡೆದು ಬಂದಾಗ ಅದಕ್ಕೂ ಚಿಪ್ಪಿರುತ್ತದೆ, ಬಾಗಿಲ ಮುಚ್ಚಳವೂ ಇರುತ್ತದೆ. ಬೆಳೆಯುವ ದಾರಿಯಲ್ಲಿ ಎರಡನ್ನೂ ಕಳಚಿ ಎಸೆಯುತ್ತದೆ. ಆಮೇಲೆ ಅದರ ಬೆನ್ನ ಮೇಲೆ ಚಿಪ್ಪಿನ ಬದಲು ಸಾಲುಸಾಲಾಗಿ ಬೆರಳಿನಂಥ ಮೆತ್ತನೆಯ ಕುಚ್ಚುಗಳು ಏಳುತ್ತವೆ. ಉಸಿರಾಟ ಈ ಕುಚ್ಚುಗಳಿಂದ ಮತ್ತು ಚರ್ಮದಿಂದ. ಜೀರ್ಣಾಂಗದ ಕವಲುಗಳೂ ಇದೇ ಕುಚ್ಚುಗಳೊಳಗೆ ಹರಿದು ಬಂದಿರುತ್ತವೆ. ತಲೆಯ ಮೇಲಿನ ಎರಡು ಕೊಂಬುಗಳು ನೀರಿನ ವಾಸನೆ ಹಿಡಿಯಲು.

ಈ ಕುಲಕ್ಕೆ 1874ರಲ್ಲಿ ಹೆಸರಿಟ್ಟವರು ಡೆನ್ಮಾರ್ಕಿನ ರುಡಾಲ್ಫ್ ಬೆರ್ಗ್. ವೃತ್ತಿಯಿಂದ ಕೋಪನ್‌ಹೇಗನ್ನಿನ ವೈದ್ಯರು, ಗುಹ್ಯರೋಗಗಳ ತಜ್ಞರು. ಜಗತ್ತಿನ ಎಲ್ಲ ಕಡಲುಗಳಿಂದ ಸೀಸೆಗಳಲ್ಲಿ ಬಂದ ಚಿಪ್ಪಿಲ್ಲದ ಹುಳುಗಳನ್ನು ಬಿಡಿಸಿ ನೋಡಿ ವರ್ಣಿಸುವುದರಲ್ಲಿ ಜೀವಮಾನದ ಬಿಡುವನ್ನೆಲ್ಲ ಕಳೆದವರು. 1899-1900ರಲ್ಲಿ ಸಿಬೋಗಾ ಎಂಬ ಡಚ್ ಹಡಗು ಇಂದಿನ ಇಂಡೊನೇಷ್ಯಾದ ಕಡಲನ್ನು ಶೋಧಿಸಿ ತಂದ ಸಂಗ್ರಹದಲ್ಲಿ ಸಿಕ್ಕ ಹುಳುವಿಗೆ ಅವರು 1905ರಲ್ಲಿ ಫೆಸ್ಟಿಲ್ಲಾ ಸಿಬೋಗೇ ಎಂದು ಹೆಸರಿಟ್ಟರು. ಮುಂದೆ ಪ್ರಯೋಗಾಲಯಗಳಲ್ಲಿ ಹೆಸರು ಮಾಡಿದ್ದು ಈ ಹುಳುವೇ.

ಫೆಸ್ಟಿಲ್ಲಾದ ಹತ್ತಿರದ ಬಂಧುಗಳು ಒಂದು ಸೋಜಿಗದ ಕೆಲಸ ಮಾಡುತ್ತವೆ. ಚುಚ್ಚುಕೋಶವಿರುವ ಪ್ರಾಣಿಗಳನ್ನು ತಿಂದು, ಸಿಡಿಯದೆ ಉಳಿದ ಕೋಶಗಳನ್ನು ಜೀರ್ಣಿಸಿಕೊಳ್ಳದೆ ಬೆನ್ನ ಕುಚ್ಚುಗಳ ತುದಿಯ ಚೀಲಗಳಿಗೆ ಸಾಗಿಸಿ ಇಟ್ಟುಕೊಳ್ಳುತ್ತವೆ. ಮುಂದೆ ಯಾವುದಾದರೂ ಮೀನು ಕಚ್ಚಿದರೆ ಆ ಕದ್ದ ಆಯುಧ ಮೀನಿನ ಬಾಯೊಳಗೆ ಸಿಡಿಯುತ್ತದೆ. ಅದಕ್ಕೇ ಆ ಬಂಧುಗಳು ನೇರಳೆ, ಕೆಂಪು, ಉರಿಯುವ ಕಿತ್ತಳೆ ಬಣ್ಣಗಳಲ್ಲಿ ಹಗಲು ಹೊತ್ತಿನಲ್ಲೇ ತಿರುಗುತ್ತವೆ.

ಫೆಸ್ಟಿಲ್ಲಾಕ್ಕೆ ಆ ಭಾಗ್ಯವಿಲ್ಲ. ದಿನವಿಡೀ ಚುಚ್ಚುಕೋಶಗಳನ್ನೇ ತಿಂದರೂ ಅದರ ಕುಚ್ಚಿನ ತುದಿಯಲ್ಲಿ ಅವು ಇರುವುದಿಲ್ಲ. ಶತ್ರುವಿನ ಎದುರು ಅದು ಬರಿಗೈ. ಆದ್ದರಿಂದ ಅದು ಅಡಗುತ್ತದೆ. ಹಗಲೆಲ್ಲ ಹವಳದ ಬುಡದಲ್ಲಿ, ಕೆಳಮೈಯ ನೆರಳಿನಲ್ಲಿ, ಕವಲುಗಳ ಸಂದಿನಲ್ಲಿ ಇರುತ್ತದೆ. ಕತ್ತಲಾದ ಮೇಲೆ ಮೇಯಲು ಹೊರಡುತ್ತದೆ. ಮೈಬಣ್ಣವೂ ತಿಂದ ಹವಳದ್ದೇ. ಗುಂಡು ಬಂಡೆಯಂತೆಯೋ ಬೆರಳಿನಂತೆಯೋ ಬೆಳೆಯುವ ಪೋರೈಟಿಸ್ ಹವಳದ ಮೈಯೊಳಗೆ ಬಿಸಿಲಿನಿಂದ ಆಹಾರ ತಯಾರಿಸುವ ಸೂಕ್ಷ್ಮ ಪಾಚಿಗಳಿವೆ. ಹವಳಕ್ಕೆ ಕಂದು ಬಣ್ಣ ಕೊಡುವುದು ಅವೇ. ಹವಳದೊಂದಿಗೆ ಹೊಟ್ಟೆ ಸೇರಿದ ಆ ಪಾಚಿಗಳು ಹುಳುವಿನ ಕುಚ್ಚುಗಳಲ್ಲಿ ನಿಂತು ಅದಕ್ಕೂ ಅದೇ ಕಂದನ್ನು ಕೊಡುತ್ತವೆ. ಫೆಸ್ಟಿಲ್ಲಾ ಮೆಲನೊಬ್ರಾಕಿಯಾ ಎಂಬ ಇನ್ನೊಂದು ಜಾತಿ ಪಾಚಿಯಿಲ್ಲದ, ನೆರಳಿನಲ್ಲಿ ಬೆಳೆಯುವ ಟ್ಯುಬಾಸ್ಟ್ರಿಯಾ ಎಂಬ ಬಣ್ಣದ ಹವಳಗಳನ್ನು ತಿನ್ನುತ್ತದೆ. ಕಿತ್ತಳೆ ಹವಳದ ಮೇಲೆ ಸಿಕ್ಕ ಹುಳು ಕಿತ್ತಳೆ, ಹಳದಿಯ ಮೇಲೆ ಸಿಕ್ಕದ್ದು ಹಳದಿ, ಕಪ್ಪು ಹವಳದ ಮೇಲೆ ಸಿಕ್ಕದ್ದು ಕಪ್ಪು. ನೀರಿನೊಳಗೆ ಎದುರಿಗೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಅದು ಮೇದುಹೋದ ಜಾಗ ಮಾತ್ರ ಬೀಳುತ್ತದೆ: ಪೊರೆ ಹೋಗಿ ಸುಣ್ಣ ಬೆಳ್ಳಗೆ ತೆರೆದುಕೊಂಡ ಒಂದು ಗಾಯ.

ಸುಮಾರು ಅರ್ಧ ಶತಮಾನದಿಂದ ಈ ಹುಳುವನ್ನು ಬೆನ್ನು ಹತ್ತಿದವರಲ್ಲಿ ಮುಖ್ಯರು ಹವಾಯಿ ವಿಶ್ವವಿದ್ಯಾಲಯದ ಮೈಕೆಲ್ ಹ್ಯಾಡ್‌ಫೀಲ್ಡ್. ಹೊನೊಲುಲುವಿನ ಕಡಲಂಚಿನಲ್ಲಿರುವ ಕೆವಾಲೊ ಪ್ರಯೋಗಾಲಯದಲ್ಲಿ ಅವರು ಹಿಡಿದ ಪ್ರಶ್ನೆ ಸರಳ. ಫೆಸ್ಟಿಲ್ಲಾ ಸಿಬೋಗೇ ಪೋರೈಟಿಸ್ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ತಾಯಿ ಹವಳದ ಬುಡದಲ್ಲಿ ಸುರುಳಿಯಾಗಿ ಸುತ್ತಿದ ಬಿಳಿ ಪಟ್ಟಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ತಾಯಿ ಎಂದೆನಾದರೂ ಈ ಹುಳುಗಳಲ್ಲಿ ಒಂದೊಂದೂ ಗಂಡೂ ಹೌದು, ಹೆಣ್ಣೂ ಹೌದು. ವಾರದೊಳಗೆ ಮೊಟ್ಟೆಯೊಡೆದ ಮರಿಗಳು ನೀರಿಗೆ ಬೀಳುತ್ತವೆ. ಒಂದೊಂದೂ ಕಾಲು ಮಿಲಿಮೀಟರಿಗಿಂತ ಚಿಕ್ಕದು. ಬೆನ್ನಿಗೆ ಪುಟ್ಟ ಚಿಪ್ಪು, ಮುಂದೆ ರೋಮಗಳ ಅಂಚಿರುವ ಎರಡು ಹಾಳೆ, ಆ ರೋಮಗಳನ್ನು ಬಡಿದು ಈಜುತ್ತದೆ. ಕಣ್ಣೆಂದರೆ ಎರಡು ಚುಕ್ಕೆ. ತೆರೆ ಎಳೆದತ್ತ ಹೋಗಬೇಕಾದ ಇಂಥ ಮರಿ, ನೂರಾರು ಬಗೆಯ ಹವಳ, ಪಾಚಿ, ಬಂಡೆ, ಮರಳುಗಳ ನಡುವೆ ತನ್ನ ಹವಳವೊಂದನ್ನೇ ಹುಡುಕಿ ಇಳಿಯುವುದು ಹೇಗೆ?

ಉತ್ತರ ನೀರಿನಲ್ಲಿ ಕರಗಿದೆ ಎಂದು 1977ರಲ್ಲೇ ಹ್ಯಾಡ್‌ಫೀಲ್ಡ್ ಪ್ರಕಟಿಸಿದರು. ಪೋರೈಟಿಸ್ ಹವಳ ಇದ್ದ ನೀರನ್ನಷ್ಟೇ ತಂದು ಮರಿಗಳಿರುವ ಪಾತ್ರೆಗೆ ಸುರಿದರೂ ಸಾಕು, ಮರಿಗಳು ಈಜುವುದನ್ನು ಬಿಟ್ಟು ತಳಕ್ಕೆ ಇಳಿದು ರೂಪ ಬದಲಿಸಲು ತೊಡಗುತ್ತವೆ. ಹವಳದ ಮೈಯಿಂದ ಸದಾ ಸೋರುವ, ನೀರಿನಲ್ಲಿ ಕರಗುವ ಒಂದು ಪುಟ್ಟ ಅಣು ಅವುಗಳಿಗೆ ಅಪ್ಪಣೆ ಕೊಡುತ್ತದೆ. ಅಪ್ಪಣೆ ಸಿಕ್ಕ ಮರಿ ಈಜುವ ಹಾಳೆಗಳನ್ನು ಕಳೆದುಕೊಂಡು, ಚಿಪ್ಪಿನಿಂದ ಹೊರಗೆ ತೆವಳಿ, ಸುಮಾರು ಒಂದು ದಿನದಲ್ಲಿ ಬೆತ್ತಲೆ ಹುಳುವಾಗುತ್ತದೆ. ಅಪ್ಪಣೆ ಸಿಗದಿದ್ದರೆ ರೂಪ ಬದಲಿಸದೆ ಈಜುತ್ತಲೇ ಇರುತ್ತದೆ.

ಆದರೆ ಅಲ್ಲಿ ಒಂದು ತೊಡಕಿತ್ತು. ಪಾತ್ರೆಯ ನೀರು ನಿಂತ ನೀರು. ಹವಳದ ದಿಬ್ಬದ ಮೇಲೆ ಅಲೆ ಹೋಗಿಬಂದು ಮಾಡುತ್ತಲೇ ಇರುತ್ತದೆ. ಅಲ್ಲಿ ಕರಗಿದ ಅಣು ಕೊಚ್ಚಿಹೋಗುವುದಿಲ್ಲವೇ? ಹ್ಯಾಡ್‌ಫೀಲ್ಡ್ ಜೊತೆಗೆ ಬರ್ಕ್ಲಿಯ ಮಿಮಿ ಕೋಲ್ ಸೇರಿದರು. ನೀರು ಮತ್ತು ಗಾಳಿಯ ಹರಿವಿನೊಳಗೆ ಜೀವಿಗಳು ಹೇಗೆ ಬದುಕುತ್ತವೆ ಎಂಬುದು ಅವರ ವಿಷಯ. ಹವಳದ ವಾಸನೆ ನೀರಿನಲ್ಲಿ ಮೋಡದಂತೆ ಸಮನಾಗಿ ಹರಡುವುದಿಲ್ಲ, ತೆಳುವಾದ ಎಳೆಗಳಾಗಿ ಏಳುತ್ತದೆ, ಒಂದು ಎಳೆಗೂ ಇನ್ನೊಂದಕ್ಕೂ ನಡುವೆ ವಾಸನೆಯಿಲ್ಲದ ಸಪ್ಪೆ ನೀರಿರುತ್ತದೆ ಎಂದು ಅವರು ತೋರಿಸಿದರು. ಆಮೇಲೆ ಒಂದು ಸಣ್ಣ ಹರಿಗಾಲುವೆಯಲ್ಲಿ ಮರಿಯೊಂದನ್ನು ಕಟ್ಟಿ ನಿಲ್ಲಿಸಿ, ಬಣ್ಣ ಬೆರೆಸಿದ ವಾಸನೆಯ ಎಳೆಗಳನ್ನು ಅದರ ಮುಂದೆ ಹಾಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎಳೆ ತಾಗಿದ ಸೆಕೆಂಡಿನೊಳಗೇ ಮರಿ ರೋಮ ಬಡಿಯುವುದನ್ನು ನಿಲ್ಲಿಸಿ ಹಾಳೆಗಳನ್ನು ಚಿಪ್ಪಿನೊಳಗೆ ಎಳೆದುಕೊಳ್ಳುತ್ತದೆ. ಎಳೆ ದಾಟಿ ಹೋದೊಡನೆ ಮತ್ತೆ ಹಾಳೆ ಬಿಚ್ಚಿ ಈಜುತ್ತದೆ. ಕಟ್ಟದೆ ಬಿಟ್ಟ ಮರಿಯಾದರೆ, ಈಜು ನಿಂತ ಅಷ್ಟು ಹೊತ್ತು ಮುಳುಗುತ್ತದೆ. ಹವಳಕ್ಕೆ ಹತ್ತಿರ ಬಂದಷ್ಟೂ ಎಳೆಗಳು ದಟ್ಟ, ಆದ್ದರಿಂದ ಮುಳುಗುವುದೂ ಹೆಚ್ಚು. ಹೀಗೆ ಮುಳುಗಿ, ಈಜಿ, ಮತ್ತೆ ಮುಳುಗಿ, ಅದು ಹವಳದ ಕವಲುಗಳ ಸಂದಿಗೆ ಇಳಿಯುತ್ತದೆ. ಅಲ್ಲಿ ನೀರು ನಿಧಾನ, ವಾಸನೆ ಗಾಢ. ಮರಿ ಅಲ್ಲೇ ಅಂಟಿಕೊಳ್ಳುತ್ತದೆ. 2004ರಲ್ಲಿ ಬಂದ ಈ ಪ್ರಬಂಧಗಳನ್ನು ಓದಿದಾಗಲೆಲ್ಲ ನನಗೆ ಗೌರವ ಮೂಡುವುದು ಮರಿಯ ಮೇಲೆ ಎಷ್ಟೋ, ಅಷ್ಟೇ ಆ ಪ್ರಶ್ನೆಯನ್ನು ಅರ್ಧಕ್ಕೆ ಬಿಡದೆ ಕೂತವರ ಮೇಲೂ. ನಿಂತ ನೀರಿನಲ್ಲಿ ಸಿಕ್ಕ ಉತ್ತರಕ್ಕೆ ಅವರು ತೃಪ್ತರಾಗಬಹುದಿತ್ತು.

ಹೀಗೆ ಇಳಿದ ಹುಳು ಅಲ್ಲೇ ತಿಂದು, ಅಲ್ಲೇ ಬೆಳೆದು, ಹೆಚ್ಚೂಕಡಿಮೆ ಒಂದೂವರೆ ತಿಂಗಳಲ್ಲಿ ತಾನೂ ಮೊಟ್ಟೆಯಿಡುತ್ತದೆ. ಒಂದೊಂದು ಪಟ್ಟಿಗೂ ಸಾವಿರಾರು ಮೊಟ್ಟೆ ಎಂದರೆ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ನೋಡಿ. ಪ್ರಯೋಗಾಲಯದ ತೊಟ್ಟಿಯಲ್ಲಿ ಅದೇ ಆಗುತ್ತದೆ. ಕೆಲವೇ ಹುಳು ಒಳಗೆ ಬಂದರೂ ಇಡೀ ಹವಳ ಬಿಳಿ ಸುಣ್ಣವಾಗಿ ಉಳಿಯುತ್ತದೆ. ಗುಂಡು ಪೋರೈಟಿಸ್ ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು. ಹುಳುವಿನ ವೇಗಕ್ಕೂ ಹವಳದ ವೇಗಕ್ಕೂ ಹೋಲಿಕೆಯೇ ಇಲ್ಲ. ಹಾಗಿದ್ದರೆ ಹವಾಯಿಯ ಕಡಲಿನಲ್ಲಿ ಪೋರೈಟಿಸ್ ಹೇಗೆ ಉಳಿದಿದೆ? ಉಳಿದಿರುವುದಷ್ಟೇ ಅಲ್ಲ, ಅಲ್ಲಿ ಅದೇ ಮುಖ್ಯ ಹವಳ. ಕಡಲಿಗೆ ಇಳಿದು ಹುಡುಕುವವರಿಗೆ ಫೆಸ್ಟಿಲ್ಲಾ ಸಿಗುವುದೇ ಕಷ್ಟ.

ಇದನ್ನು ಬಿಡಿಸಿದವರು ಡೆಬೊರಾ ಗೋಕ್‌ಫೆಲ್ಡ್ ಮತ್ತು ಗ್ರೆಟಾ ಏಬಿ. 1997ರಲ್ಲಿ ಪ್ರಕಟವಾದ ಅವರ ಅಧ್ಯಯನದ ತಿರುಳು ಇಷ್ಟು: ಹುಳುವನ್ನು ತಿನ್ನುವವರು ಕಡಲಿನಲ್ಲಿ ಬೇಕಾದಷ್ಟಿದ್ದಾರೆ. ಹಗಲು ಮೀನುಗಳು. ಹವಳದ ಸಂದುಗಳೊಳಗೆ, ಮೀನಿನ ಬಾಯಿ ತಲುಪದ ಕಡೆ, ಏಡಿ ಮತ್ತು ಸಿಗಡಿಗಳು. ಕದ್ದ ಆಯುಧವಿಲ್ಲದ ಫೆಸ್ಟಿಲ್ಲಾ ಇವರಿಗೆ ಸಲೀಸಾದ ತುತ್ತು. ಅದು ಹಗಲು ಅಡಗುವುದು, ಹವಳದ ಬಣ್ಣ ಹೊದೆಯುವುದು, ಇರುಳಿನಲ್ಲಿ ಮೇಯುವುದು, ಇವೆಲ್ಲ ಈ ಬಾಯಿಗಳಿಗೆ ಹೆದರಿ. ಹವಳದ ಚುಚ್ಚುಕೋಶ ತಡೆಯಲಾರದ ಹುಳುವನ್ನು ಹವಳದ ನೆರೆಹೊರೆ ತಡೆದಿದೆ.

ನೆರೆಹೊರೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಗಾಜಿನ ತೊಟ್ಟಿಗಳಲ್ಲಿ ಹವಳ ಸಾಕುವವರು ಚೆನ್ನಾಗಿ ಬಲ್ಲರು. ಮಾಂಟಿಪೋರಾ ಎಂಬ, ತಟ್ಟೆಯ ಹಾಗೆಯೂ ಕವಲಾಗಿಯೂ ಬೆಳೆಯುವ ಹವಳ ಅವರಿಗೆ ಬಲು ಇಷ್ಟ. ಒಬ್ಬರಿಂದ ಒಬ್ಬರಿಗೆ, ಒಂದು ದೇಶದಿಂದ ಇನ್ನೊಂದಕ್ಕೆ ಅದರ ತುಂಡುಗಳು ಹೋಗುತ್ತವೆ. ಆ ತುಂಡಿನ ಅಡಿಯಲ್ಲಿ ಅಂಟಿಕೊಂಡು, ಒಂದು ಸೆಂಟಿಮೀಟರೂ ಇರದ ಬಿಳಿಯ ಹುಳುವೊಂದು ವರ್ಷಗಟ್ಟಲೆ ತೊಟ್ಟಿಯಿಂದ ತೊಟ್ಟಿಗೆ ಹಬ್ಬಿತು. ಹವಳವನ್ನು ಔಷಧದ ನೀರಿನಲ್ಲಿ ಅದ್ದಿದರೆ ಹುಳು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ದಿನ ಕಳೆದು ಮತ್ತೆ ಅದ್ದಬೇಕು, ಮತ್ತೆ ನೋಡಬೇಕು. ಸಾಕುವವರಿಗೆಲ್ಲ ಗೊತ್ತಿದ್ದ ಈ ಪಿಡುಗಿಗೆ ವಿಜ್ಞಾನದಲ್ಲಿ ಹೆಸರೇ ಇರಲಿಲ್ಲ. 2020ರಲ್ಲಿ ಹಾಂಗ್‌ಕಾಂಗಿನ ಸಂಶೋಧಕರು ಅದನ್ನು ಫೆಸ್ಟಿಲ್ಲಾ ಕುಲದ ಹೊಸ ಜಾತಿಯೆಂದು ಗುರುತಿಸಿ ಸಬ್‌ಒಡಿಯೋಸಸ್ ಎಂದು ಹೆಸರಿಟ್ಟರು. ಹೀಗೆ ಒಂದು ಪ್ರಾಣಿ ಜಗತ್ತಿಗೆ ಮೊದಲು ಪರಿಚಯವಾದದ್ದು ಪಿಡುಗಾಗಿ. ಅದಕ್ಕೂ ಎಲ್ಲೋ ಒಂದು ಕಡಲಿದೆ, ಅಲ್ಲಿ ಅದನ್ನು ಹಿಡಿತದಲ್ಲಿಟ್ಟ ಮೀನು, ಏಡಿಗಳ ನಡುವೆ ಅದು ಬೆಳೆದು ಬಂದಿದೆ. ತೊಟ್ಟಿಗೆ ಹುಳು ಬಂತು, ಅವು ಬರಲಿಲ್ಲ.

ಈಗ ಕಬ್ಬಿಗೆ ಬರೋಣ. 2002ರ ಮಳೆಗಾಲದಲ್ಲಿ ಪಕ್ಕದ ಸಾಂಗ್ಲಿ ಜಿಲ್ಲೆಯ ಕಬ್ಬಿನಲ್ಲಿ ಬಿಳಿ ಉಣ್ಣೆ ಹೇನು ಕಾಣಿಸಿಕೊಂಡಿತು. ಮಿರಜಿನಿಂದ ಕುಡಚಿಗೆ ರೈಲಿನಲ್ಲಿ ಒಂದು ತಾಸಿನ ದಾರಿ. ಹೇನಿಗೆ ಅಷ್ಟೂ ತಡವಾಗಲಿಲ್ಲ, ಕೃಷ್ಣೆಯ ಎರಡೂ ದಂಡೆಗೆ ಹಬ್ಬಿತು. ಎಲೆಯ ಕೆಳಮೈ ತುಂಬ ಬಿಳಿ ಮೇಣದ ನೂಲು ಹೊದ್ದು ಕೂತ ಹೇನುಗಳು. ಅವು ರಸ ಹೀರಿ ಸುರಿಸಿದ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಹಿಡಿದು, ಹೊಲಕ್ಕೆ ಹೊಲವೇ ಮಸಿ ಬಳಿದ ಹಾಗಾಯಿತು. ಆಳೆತ್ತರ ದಾಟಿದ ಕಬ್ಬಿನೊಳಗೆ ಪಂಪು ಹೊತ್ತು ಹೋಗಿ ಔಷಧ ಹೊಡೆಯುವುದೆಂದರೆ ಎಂಥ ಹಿಂಸೆ ಎಂಬುದನ್ನು ಹೊಡೆದವರೇ ಹೇಳಬೇಕು. ಎಲೆಯಂಚು ಮುಖ ಕೊಯ್ಯುತ್ತದೆ, ಔಷಧ ಮೈಮೇಲೆ ಸುರಿಯುತ್ತದೆ, ಎಲೆಯಡಿಯ ಹೇನಿಗೆ ತಲುಪುವುದು ಅರ್ಧಂಬರ್ಧ. ಎರಡು ವಾರಕ್ಕೆ ಹೇನು ಮತ್ತೆ ತುಂಬುತ್ತಿತ್ತು.

ಈ ಹೇನು ನಮ್ಮ ದೇಶಕ್ಕೆ ಹೊಸದಾಗಿರಲಿಲ್ಲ. ಈಶಾನ್ಯ ಭಾರತದ ಕಬ್ಬಿನಲ್ಲಿ ಅದು ದಶಕಗಳ ಹಿಂದಿನಿಂದ ಇದ್ದದ್ದೇ. ಅಲ್ಲಿ ಅದನ್ನು ತಿನ್ನುವವರೂ ಜೊತೆಗಿದ್ದರು. ಇಲ್ಲಿಗೆ ಅದು ಒಂಟಿಯಾಗಿ ಬಂದಂತಾಯಿತು. ಕೃಷಿ ವಿಜ್ಞಾನಿಗಳು ಹೊಲಗಳಲ್ಲಿ ಹುಡುಕಿದಾಗ ಎರಡು ಭಕ್ಷಕ ಕೀಟಗಳು ಸಿಕ್ಕವು. ಒಂದು ಡೈಫಾ, ಪತಂಗದ ಮರಿಹುಳು, ಎಲೆಯಡಿಯಲ್ಲಿ ರೇಷ್ಮೆಯ ಬಲೆ ಹೆಣೆದು ಅದರೊಳಗೆ ಕೂತು ಹೇನುಗಳನ್ನು ಮುಗಿಸುತ್ತ ಹೋಗುತ್ತದೆ. ಇನ್ನೊಂದು ಮೈಕ್ರೋಮಸ್, ಕಂದು ರೆಕ್ಕೆಯ ಕೀಟ, ಅದರ ಮರಿಯೂ ಹೇನು ತಿನ್ನುತ್ತದೆ, ಬೆಳೆದದ್ದೂ ತಿನ್ನುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇವನ್ನು ನೆರಳುಬಲೆಯಡಿ ಬೆಳೆಸುವ ವಿಧಾನಗಳ ಮೇಲೆ ದುಡಿಯಿತು. ಡೈಫಾ ಇರುವ ಎಲೆಗಳನ್ನು ಕತ್ತರಿಸಿ ತಂದು ಹೇನು ಹತ್ತಿದ ಕಬ್ಬಿಗೆ ಕಟ್ಟಿರಿ, ಕಟ್ಟಿದ ಮೇಲೆ ಔಷಧ ಹೊಡೆಯಬೇಡಿರಿ ಎಂದು ರೈತರಿಗೆ ಹೇಳಿದರು. ಈಶಾನ್ಯದಲ್ಲಿ ಈ ಹೇನಿನ ಹಳೆಯ ಶತ್ರುವಾದ ಎನ್ಕಾರ್ಸಿಯಾ ಎಂಬ ಸಣ್ಣ ಕಣಜವನ್ನೂ ದಕ್ಷಿಣಕ್ಕೆ ತಂದು ಬಿಟ್ಟರು. ಅದು ಹೇನಿನ ಮೈಯೊಳಗೇ ಮೊಟ್ಟೆ ಇಡುತ್ತದೆ. ಕೆಲವೇ ವರ್ಷಗಳಲ್ಲಿ ಹೇನು ತಗ್ಗಿತು. ಇಂದಿಗೂ ಅಲ್ಲಲ್ಲಿ ಕಾಣುತ್ತದೆ, ಆದರೆ ಆ ವರ್ಷದ ಹಾಹಾಕಾರವಿಲ್ಲ.

ಔಷಧ ಹೊಡೆಯಬೇಡಿ ಎಂಬ ಮಾತನ್ನು ಬೆಳೆ ಕಣ್ಣೆದುರು ಕಪ್ಪಾಗುತ್ತಿರುವಾಗ ಕೇಳಿಸಿಕೊಂಡು, ಕೈಕಟ್ಟಿ ಕಾದ ರೈತರ ಧೈರ್ಯ ದೊಡ್ಡದು. ಆ ಧೈರ್ಯದ ಬಗ್ಗೆ ಯಾರೂ ಸಾಕಷ್ಟು ಬರೆದಿಲ್ಲ ಎಂಬುದು ನನ್ನ ಕೊರಗು. ಹೊನೊಲುಲುವಿನ ತೊಟ್ಟಿಯಲ್ಲಿ ಹವಳ ಬಿಳಿಯಾದದ್ದೂ ಕೃಷ್ಣೆಯ ದಂಡೆಯಲ್ಲಿ ಕಬ್ಬು ಕಪ್ಪಾದದ್ದೂ ಒಂದೇ ಕಾರಣಕ್ಕೆ. ಎರಡು ಕಡೆಯೂ ಹುಳುವಿನ ಹಸಿವು ಹೆಚ್ಚಾಗಿರಲಿಲ್ಲ, ಅದನ್ನು ತಿನ್ನುವ ಬಾಯಿ ಅಲ್ಲಿರಲಿಲ್ಲ.

ಹಾಗೆಂದು ಎಲ್ಲಿಂದಲೋ ಒಂದು ಭಕ್ಷಕನನ್ನು ಹಿಡಿದು ತಂದು ಬಿಟ್ಟರೆ ಆಯಿತು ಎಂದುಕೊಳ್ಳುವುದು ಅಪಾಯ. ಇದಕ್ಕೂ ಸಾಕ್ಷಿ ಹವಾಯಿಯಲ್ಲೇ ಇದೆ, ಅದನ್ನು ಜಗತ್ತಿಗೆ ಸಾರಿ ಹೇಳಿದವರಲ್ಲಿ ಅದೇ ಹ್ಯಾಡ್‌ಫೀಲ್ಡ್ ಒಬ್ಬರು. ನಮ್ಮಲ್ಲೂ ತೋಟಗಳನ್ನು ಬೋಳಿಸುವ ಆಫ್ರಿಕಾದ ದೈತ್ಯ ಬಸವನಹುಳು 1936ರಲ್ಲಿ ಹವಾಯಿಗೆ ಬಂತು. ಅದನ್ನು ಹತ್ತಿಕ್ಕಲು 1955ರಲ್ಲಿ ಸರ್ಕಾರವೇ ಯೂಗ್ಲಾಂಡಿನಾ ಎಂಬ, ಬಸವನಹುಳುಗಳನ್ನೇ ತಿನ್ನುವ ಬಸವನಹುಳುವನ್ನು ತರಿಸಿತು. ಅದು ದೈತ್ಯನ ಹಿಂದೆ ಹೋಗುವ ಬದಲು ಕಾಡಿನ ಮರಗಳ ಮೇಲೆ ಬದುಕುವ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪುಟ್ಟ ಬಣ್ಣದ ಬಸವನಹುಳುಗಳ ಹಿಂದೆ ಹೋಯಿತು. ಅವು ವರ್ಷಕ್ಕೆ ಕೆಲವೇ ಮರಿ ಹಾಕುವ ಸಾವಧಾನದ ಜೀವಿಗಳು. ಎಷ್ಟೋ ಜಾತಿಗಳು ಶಾಶ್ವತವಾಗಿ ಹೋದವು. ಕೊನೆಗೆ ಉಳಿದ ಕೆಲವನ್ನು ಹ್ಯಾಡ್‌ಫೀಲ್ಡ್ ಪ್ರಯೋಗಾಲಯದಲ್ಲಿ ಸಾಕಿ ಉಳಿಸಲು ವರ್ಷಗಟ್ಟಲೆ ಹೆಣಗಿದರು. ಎನ್ಕಾರ್ಸಿಯಾ ಆ ಹೇನಿನ ಜೊತೆಯಲ್ಲೇ ಬೆಳೆದು ಬಂದ ಕಣಜ. ಯೂಗ್ಲಾಂಡಿನಾಕ್ಕೆ ಹವಾಯಿಯ ಜೊತೆ ಯಾವ ಹಳೆಯ ನಂಟೂ ಇರಲಿಲ್ಲ, ಸಿಕ್ಕ ಬಸವನಹುಳುವೆಲ್ಲ ಅದಕ್ಕೆ ಊಟವೇ.

ಹಳೆಯ ನಂಟು ಎಂದೆ. ಫೆಸ್ಟಿಲ್ಲಾದಲ್ಲಿ ಅದು ಇನ್ನೂ ಆಳಕ್ಕೆ ಹೋಗುತ್ತದೆ. ಆಸ್ಟ್ರೇಲಿಯಾದ ಬಿಲ್ ರಡ್ಮನ್ 1981ರಲ್ಲಿ ಪೋರೈಟಿಸ್ ತಿನ್ನುವ ಹುಳುಗಳನ್ನು ಬಿಡಿಸಿ ನೋಡಿ ಅವುಗಳ ಜಾತಿಗಳನ್ನು ಮರುವಿಂಗಡಣೆ ಮಾಡಿದರು. ಸಿಬೋಗೇ ಪ್ರತ್ಯೇಕ ಜಾತಿಯಲ್ಲ, ಲುಗುಬ್ರಿಸ್ ಎಂಬ ಹಳೆಯ ಜಾತಿಯೇ ಎಂದರು. ಆ ಚರ್ಚೆ ಮುಂದೆ ಡಿಎನ್‌ಎ ಕಾಲಕ್ಕೆ ಮತ್ತೆ ತೆರೆದುಕೊಂಡಿತು. 2007ರಲ್ಲಿ ಅನುಷ್ಕಾ ಫೌಚಿ, ರಾಬರ್ಟ್ ಟೂನೆನ್ ಮತ್ತು ಹ್ಯಾಡ್‌ಫೀಲ್ಡ್ ಸೇರಿ ಈ ಕುಲದಲ್ಲಿ ಜಾತಿಗಳು ಒಡೆದದ್ದು ಊಟ ಬದಲಾದದ್ದರಿಂದ ಎಂದು ತೋರಿಸಿದರು. ಎಂದೋ ಕೆಲವು ಮರಿಗಳು ಬೇರೊಂದು ಹವಳದ ವಾಸನೆಗೆ ಇಳಿದವು, ಅಲ್ಲೇ ಬೆಳೆದು ಅಲ್ಲೇ ಜೊತೆಯಾದವು. ಈ ಹುಳುವಿಗೆ ಹವಳ ಊಟವೂ ಹೌದು, ಮನೆಯೂ ಹೌದು, ಸಂಗಾತಿ ಸಿಗುವ ಜಾಗವೂ ಹೌದು. ಆದ್ದರಿಂದ ಹವಳ ಬೇರೆಯಾದರೆ ಸಂಬಂಧ ಕಡಿಯುತ್ತದೆ, ಕಡಲಿನಲ್ಲಿ ಗೋಡೆಯೊಂದು ಎದ್ದೇಳಬೇಕಿಲ್ಲ. 2020ರ ಆಸುಪಾಸಿನಲ್ಲಿ ಹೊಸ ಜಾತಿಗಳು ಒಂದರ ಹಿಂದೆ ಒಂದು ಹೊರಬಿದ್ದದ್ದೂ ಹೀಗೆಯೇ. ಹಾಂಗ್‌ಕಾಂಗಿನಲ್ಲಿ ಗೊನಿಯೋಪೋರಾ ಹವಳದ ಮೇಲೆ ಒಂದು, ಪವೋನಾ ಹವಳದ ಮೇಲೆ ಇನ್ನೊಂದು, ಥಾಯ್ಲೆಂಡ್ ಕೊಲ್ಲಿಯಲ್ಲಿ ಪವೋನಾದ್ದೇ ಬೇರೆ ಜಾತಿಯ ಮೇಲೆ ಮತ್ತೊಂದು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಈ ಹುಳುವಿನ ಊಟಕ್ಕೆ ಕೊರತೆಯಿಲ್ಲ. 1987ರಲ್ಲಿ ಕಡಲಧಾಮವೆಂದು ಘೋಷಿಸಿದ ಮಾಲ್ವಣದಲ್ಲಿ ಪೋರೈಟಿಸ್ ಇದೆ, ಗೊನಿಯೋಪೋರಾ ಇದೆ. ಕರ್ನಾಟಕದಲ್ಲಿ ಹವಳ ನೋಡಬೇಕೆಂದರೆ ನೇತ್ರಾಣಿ. ಮುರ್ಡೇಶ್ವರದಿಂದ ಕಡಲಿನೊಳಗೆ ಸುಮಾರು 19 ಕಿಲೋಮೀಟರ್ ದೂರದ, ಕಡಲ ಹದ್ದುಗಳು ಗೂಡು ಕಟ್ಟುವ ಬಂಡೆ ದ್ವೀಪ. ನೌಕಾಪಡೆ ಅದನ್ನು ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸುತ್ತಿತ್ತು. ದ್ವೀಪದ ಸುತ್ತಲಿನ ಹವಳ, ಮೀನು, ಹಕ್ಕಿಗಳ ಸಲುವಾಗಿ ಅದನ್ನು ನಿಲ್ಲಿಸಬೇಕೆಂದು ಪರಿಸರದ ಕಾಳಜಿಯುಳ್ಳವರು ವರ್ಷಗಟ್ಟಲೆ ದನಿ ಎತ್ತಿದರು. ಈಗ ಮಳೆಗಾಲ ಕಳೆದ ಮೇಲೆ ಮುರ್ಡೇಶ್ವರದಿಂದ ಸ್ಕೂಬಾ ದೋಣಿಗಳು ಅಲ್ಲಿಗೆ ಹೊರಡುತ್ತವೆ. ಬೆಳಗಾವಿ, ಹುಬ್ಬಳ್ಳಿ ಕಡೆಯ ಹುಡುಗರೂ ಹುಡುಗಿಯರೂ ಹೋಗಿ ಇಳಿದು ಬರುತ್ತಿದ್ದಾರೆ.

ಭಾರತದ ಕಡಲ ಹುಳುಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಹೀಗೆ ಇಳಿದು ನೋಡಿದವರಿಂದಲೇ ಬಂದದ್ದು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀಪಕ್ ಆಪ್ಟೆ 2009ರಲ್ಲಿ ಲಕ್ಷದ್ವೀಪದ ಹುಳುಗಳ ಪಟ್ಟಿಯನ್ನು ಪ್ರಕಟಿಸಿದಾಗ, ಆ ದ್ವೀಪಗಳಿಗೆ 52 ಜಾತಿಗಳು ಹೊಸದಾಗಿ ಸೇರಿದವು, ಅವುಗಳಲ್ಲಿ 40 ಇಡೀ ಭಾರತಕ್ಕೇ ಹೊಸವು. ಒಬ್ಬ ಮನುಷ್ಯ ತಾಳ್ಮೆಯಿಂದ ಬಂಡೆಗಳ ಸಂದು ನೋಡಿದ್ದರ ಫಲ ಅದು.

ಆದ್ದರಿಂದ ನೇತ್ರಾಣಿಗೋ ಮಾಲ್ವಣಕ್ಕೋ ಇಳಿಯುವವರಿಗೆ ಒಂದೆರಡು ಮಾತು. ಫೆಸ್ಟಿಲ್ಲಾ ಹುಡುಕುವಾಗ ಹುಳುವನ್ನು ಹುಡುಕಬೇಡಿ, ಗಾಯ ಹುಡುಕಿ. ಗುಂಡು ಹವಳದ ಬುಡದಲ್ಲಿ, ನೆಲಕ್ಕೆ ತಾಗುವ ಅಂಚಿನಲ್ಲಿ ಹೊಸದಾಗಿ ಬೆಳ್ಳಗಾದ ಚುಕ್ಕೆ ಕಂಡರೆ ಅದರ ಪಕ್ಕದ ನೆರಳಿಗೆ ಟಾರ್ಚು ಬಿಡಿ. ಬಿಸಿ ನೀರಿಗೆ ಬಿಳಚಿಕೊಂಡ ಹವಳವೂ ಬೆಳ್ಳಗಿರುತ್ತದೆ, ಆದರೆ ಅದರಲ್ಲಿ ಪೊರೆ ಇನ್ನೂ ಇರುತ್ತದೆ, ಬಿಳುಪು ಮೇಲ್ಮೈ ತುಂಬ ಹರಡಿರುತ್ತದೆ. ಹುಳು ಮೇದ ಜಾಗದಲ್ಲಿ ಪೊರೆಯೇ ಇರುವುದಿಲ್ಲ, ಅಂಚು ಸ್ಪಷ್ಟವಾಗಿರುತ್ತದೆ. ಬಿಳಿ ಸುರುಳಿಯ ಮೊಟ್ಟೆಪಟ್ಟಿ ಅಲ್ಲೇ ಸಿಕ್ಕರೆ ಹುಳು ದೂರವಿಲ್ಲ. ಕಿತ್ತಳೆ ಬಣ್ಣದ ಟ್ಯುಬಾಸ್ಟ್ರಿಯಾ ಇದ್ದರೆ ಹೂವಿನಂಥ ಒಂದೊಂದು ಬಟ್ಟಲಿನ ಬುಡವನ್ನೂ ನೋಡಿ. ಹವಳವನ್ನು ಮಗುಚಬಾರದು, ಮುರಿಯಬಾರದು, ಒಂದು ತುಂಡನ್ನೂ ತರಬಾರದು. 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳೂ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ, ಹುಲಿ ಆನೆಗಳ ಸಾಲಿಗೆ ಸೇರಿದವು. ಚಿತ್ರ ತೆಗೆಯುವಾಗ ಹುಳುವನ್ನೊಂದನ್ನೇ ಹತ್ತಿರದಿಂದ ತೆಗೆದರೆ ಸಾಲದು. ಅದು ಕೂತ ಹವಳದ ಬಟ್ಟಲುಗಳು ಎಣಿಸುವಷ್ಟು ಸ್ಪಷ್ಟವಾಗಿ ಅದೇ ಚಿತ್ರದಲ್ಲಿ ಬರಬೇಕು, ಜೊತೆಗೆ ಎಷ್ಟು ಆಳ, ಯಾವ ದಿನ ಎಂಬುದನ್ನು ಬರೆದಿಡಬೇಕು. ಈ ಕುಲದಲ್ಲಿ ಹವಳ ಯಾವುದೆಂದು ತಿಳಿದರೆ ಹುಳು ಯಾವುದೆಂದು ಅರ್ಧ ತಿಳಿದಂತೆಯೇ.